ಕೆಲಸ ಸಿಕ್ಕಿತು, ಆಟ ಸಿಕ್ಕಿತೇ?

ರಾಬರ್ಟ್‌ಸನ್‌ಪೇಟೆಯಲ್ಲಿ ಕಾಲೇಜು ಮಕ್ಕಳು ಬ್ಯಾಸ್ಕೆಟ್‌ಬಾಲ್ ಹಿಡಿದು ಓಡಾಡಿದರೆ ಮನೆಯವರು ಕೇಳುವುದು ಒಂದೇ ಮಾತು: ‘ಇದರಿಂದ ಕೆಲಸ ಸಿಗುತ್ತಾ?’ ಕೇಳುವುದರಲ್ಲಿ ತಪ್ಪೇನಿಲ್ಲ. ಒಂದೇ ಚಿನ್ನದ ಗಣಿ ಕಂಪನಿಯ ಸಂಬಳ ನಂಬಿ ಬದುಕಿದ ಊರಿದು. 2001ರ ಫೆಬ್ರುವರಿ 28ರಂದು ಆ ಗಣಿ ಮುಚ್ಚಿತು. ಮಾರಿಕುಪ್ಪಂನಿಂದ ಹೊರಡುವ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವುದೇ ಎಷ್ಟೋ ಮನೆಗಳ ಪಾಡಾಯಿತು.

ಕೆಲಸವೇನೋ ಸಿಗುತ್ತದೆ. ರೈಲ್ವೆ, ಒಎನ್‌ಜಿಸಿ, ಸೇನೆ, ಬ್ಯಾಂಕುಗಳು ಸ್ಪೋರ್ಟ್ಸ್ ಕೋಟಾದಲ್ಲಿ ಆಟಗಾರರನ್ನು ತೆಗೆದುಕೊಳ್ಳುತ್ತವೆ. ಬೆಂಗಳೂರಿನ ವಿಜಯ ಬ್ಯಾಂಕ್ ತಂಡ ಹೀಗೆ ಬೆಳೆದದ್ದು. 2019ರ ಏಪ್ರಿಲ್ 1ರಂದು ಬೇರೊಂದು ಬ್ಯಾಂಕಿನಲ್ಲಿ ವಿಲೀನವಾದ ಮೇಲೆ ಆ ಹೆಸರೇ ಉಳಿಯಲಿಲ್ಲ. ನಮ್ಮಲ್ಲಿ ವೃತ್ತಿಪರ ಆಟಗಾರ ಎಂದರೆ ಬಹುತೇಕ ಇಂಥ ನೌಕರನೇ.

ನನ್ನ ತಕರಾರು ಇರುವುದು ನೌಕರಿಯ ಬಗ್ಗೆ ಅಲ್ಲ, ಅದರ ಜೊತೆ ಬರುವ ಪಂದ್ಯಗಳ ಬಗ್ಗೆ. ಕಾಲೇಜು ತಂಡದ ಸೆಂಟರ್ ಆಟಗಾರನನ್ನು ಗಮನಿಸಿ ನೋಡಿ. ರಿಂಗ್‌ಗೆ ಬೆನ್ನು ಮಾಡಿ ನಿಲ್ಲುತ್ತಾನೆ, ಚೆಂಡು ಕೈಗೆ ಬಂದ ಮೇಲೆ ತಲೆ ತಿರುಗಿಸಿ ನೋಡುತ್ತಾನೆ, ಒಂದು ಡ್ರಿಬಲ್ ಹಾಕಿ ಆಮೇಲೆ ತಿರುಗುತ್ತಾನೆ. ಎದುರಾಳಿ ಗಿಡ್ಡನಾಗಿದ್ದರೆ ಇದೆಲ್ಲ ನಡೆಯುತ್ತದೆ. ಪಳಗಿದವನು ಚೆಂಡು ಬರುವ ಮೊದಲೇ ಸೊಂಟದಿಂದ ಎದುರಾಳಿಯನ್ನು ಒತ್ತಿ ಜಾಗ ಮಾಡಿಕೊಂಡಿರುತ್ತಾನೆ. ಯಾವ ಕಾಲಿನ ಮೇಲೆ ತಿರುಗಬೇಕು ಎನ್ನುವುದೂ ಆಗಲೇ ಗೊತ್ತಿರುತ್ತದೆ. ಚೆಂಡು ಎಸೆಯಲು ಇರುವ 24 ಸೆಕೆಂಡಿನ ಗಡಿಯಾರ ಓಡುವಾಗ ಆ ಅರ್ಧ ಕ್ಷಣವೇ ಎರಡು ಅಂಕ. ಇದು ಕೋಚ್ ಹೇಳಿಕೊಟ್ಟರೆ ಬರುವುದಲ್ಲ, ತನಗಿಂತ ಎತ್ತರದವರಿಂದ ಏಟು ತಿಂದು ತಿಂದು ಬರುವುದು. ಅದೇ ನಾಲ್ಕಾರು ತಂಡಗಳ ಜೊತೆ ವರ್ಷವಿಡೀ ಆಡಿದರೆ ಎಲ್ಲಿಂದ ಬರಬೇಕು?

ಇಲ್ಲಿ ಗೀತು ಅನ್ನಾ ಜೋಸ್ ನೆನಪಾಗುತ್ತಾರೆ. ಕೇರಳದ ಕೊಟ್ಟಾಯಂ ಕಡೆಯವರು, ಆರಡಿ ಮೀರಿದ ಎತ್ತರ, ಚಂಗನಾಶ್ಶೇರಿಯ ಅಸಂಪ್ಷನ್ ಕಾಲೇಜಿನ ಹುಡುಗಿ, ದಕ್ಷಿಣ ರೈಲ್ವೆಯ ಆಟಗಾರ್ತಿ. 2006ರಿಂದ 2008ರವರೆಗೆ ಆಸ್ಟ್ರೇಲಿಯಾದ ರಿಂಗ್‌ವುಡ್ ಹಾಕ್ಸ್ ಕ್ಲಬ್ಬಿಗೆ ಆಡಿದರು. 2011ರಲ್ಲಿ ಅಮೆರಿಕದ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎಯ ತಂಡಗಳು ಆಯ್ಕೆ ಪರೀಕ್ಷೆಗೆ ಕರೆದವು. ಅಲ್ಲಿ ಜಾಗ ಸಿಗಲಿಲ್ಲ, ನಿಜ. ಆದರೆ ರೈಲ್ವೆಯ ಸಂಬಳವನ್ನಷ್ಟೇ ನೆಚ್ಚಿ ಇಲ್ಲೇ ಉಳಿದಿದ್ದರೆ ಆ ಕರೆ ಬರುತ್ತಿತ್ತೇ?

ಪಂಜಾಬಿನ ಸತ್ನಾಮ್ ಸಿಂಗ್ ಕಥೆ ಇನ್ನೊಂದು ತುದಿ. 2015ರಲ್ಲಿ ಅಮೆರಿಕದ ಎನ್‌ಬಿಎ ಲೀಗಿನ ಆಟಗಾರರ ಆಯ್ಕೆಯಲ್ಲಿ ಡಲ್ಲಾಸ್ ಮ್ಯಾವೆರಿಕ್ಸ್ ತಂಡ 52ನೇ ಆಯ್ಕೆಯಾಗಿ ಅವರನ್ನು ಆರಿಸಿದಾಗ ದೇಶವೇ ಕುಣಿಯಿತು. ಕಾಲೇಜು ಆಟದ ಮೆಟ್ಟಿಲು ಹತ್ತದೆ ನೇರ ಹೋದವರು. ಎನ್‌ಬಿಎ ಪಂದ್ಯ ಒಂದನ್ನೂ ಆಡಲಿಲ್ಲ. ಆಯ್ಕೆಯಾಗುವುದು ಒಂದು ದಿನದ ಸುದ್ದಿ. ಅಂಗಳದಲ್ಲಿ ಕಳೆದ ನಿಮಿಷಗಳೇ ಆಟಗಾರನ ಆಸ್ತಿ.

ಪಂದ್ಯಗಳ ಬರ ಎಷ್ಟೆಂಬುದನ್ನು ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣವೇ ತೋರಿಸಿದೆ. 2017ರಲ್ಲಿ ಮಹಿಳಾ ಏಷ್ಯಾ ಕಪ್ ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಅಲ್ಲೇ ಕಜಕಿಸ್ತಾನವನ್ನು 75–73ರಿಂದ ಮಣಿಸಿತು. ಎರಡು ವರ್ಷದ ನಂತರ ಅದೇ ಅಂಗಳದಲ್ಲಿ ಎ ವಿಭಾಗದಲ್ಲಿ ಆಡಿ ಒಂದೂ ಗೆಲ್ಲದೆ ಎಂಟರಲ್ಲಿ ಎಂಟನೆಯದಾಯಿತು. ಬಡ್ತಿ ಸಿಕ್ಕಿತ್ತು, ಬಡ್ತಿಗೆ ತಕ್ಕ ಪಂದ್ಯಗಳು ಸಿಕ್ಕಿರಲಿಲ್ಲ. ದೇಶದೊಳಗೇ ಪಂದ್ಯ ಒದಗಿಸಲು ಬೆಂಗಳೂರು ಬೀಸ್ಟ್‌ನಂಥ ತಂಡಗಳಿದ್ದ ಯುಬಿಎ ವೃತ್ತಿಪರ ಲೀಗ್ 2015ರಲ್ಲಿ ಬಂತು. ಬೇರು ಬಿಡುವ ಮೊದಲೇ ನಿಂತೂ ಹೋಯಿತು.

ಆದ್ದರಿಂದ ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಯ ತಾಯ್ತಂದೆಯರಿಗೆ ನನ್ನ ಉತ್ತರ: ಕೆಲಸ ಸಿಕ್ಕರೆ ಬಿಡಿಸಬೇಡಿ. ಆದರೆ ನೇಮಕಾತಿ ಪತ್ರ ಕೈಗೆ ಬಂದ ದಿನ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಹೊರಗೆ ಹೋಗಿ ಆಡಲು ರಜೆ ಕೊಡುತ್ತಾರಾ? ಇಪ್ಪತ್ತೆರಡರಿಂದ ಇಪ್ಪತ್ತಾರರ ವಯಸ್ಸಿನೊಳಗೆ ಗಟ್ಟಿ ಎದುರಾಳಿಗಳು ಸಿಗದಿದ್ದರೆ, ಅರವತ್ತರವರೆಗೆ ಸಂಬಳ ಬಂದರೂ ಆಟಗಾರ ಕಾಲೇಜಿನಲ್ಲೇ ನಿಂತಿರುತ್ತಾನೆ.