ದೊಡ್ಡಬಳ್ಳಾಪುರದ ಗಾಳಿ, ಇರುಂಗಾಟ್ಟುಕೋಟೆಯ ಗಾಳಿ

ಭಾನುವಾರದ ಮುಂಜಾವದಲ್ಲಿ ಹೊಸಕೋಟೆಯ ಬಿರಿಯಾನಿ ಅಂಗಡಿಗಳ ಮುಂದೆ ಸರದಿ ಬೆಳೆಯುವ ಹೊತ್ತಿಗೆ, ಬೆಂಗಳೂರಿನಿಂದ ಬಂದು ರಸ್ತೆಯ ಮಗ್ಗುಲಲ್ಲಿ ಸಾಲುಗೊಂಡ ಕಾರುಗಳ ನಡುವೆ ಅಷ್ಟಿಷ್ಟು ಸುಳಿದಾಡಿದವರ ಕಿವಿಗೆ, ತೆರೆದ ಬಾನೆಟ್ಟಿನ ಸುತ್ತ ನೆರೆದ ತರುಣರ ಬಾಯಿಂದ, "ರೀಮ್ಯಾಪ್ ಆದ್ಮೇಲೆ ಎಷ್ಟು ಬಿಎಚ್‌ಪಿ ಬಂತು ಮಗಾ?" ಎಂಬ ಪ್ರಶ್ನೆ ಬಿದ್ದೇ ಬೀಳುತ್ತದೆ. ಪ್ರಶ್ನೆ ಸಹಜವಾದದ್ದೇ. ಆದರೆ ಯಾವ ಊರಿನ ಗಾಳಿಯಲ್ಲಿ, ಎಷ್ಟು ಹೊತ್ತಿನ ತನಕ ಎಂಬ ಉಪಪ್ರಶ್ನೆಗಳನ್ನು ಅದರ ಬೆನ್ನಿಗೆ ಕಟ್ಟದಿದ್ದರೆ ಬರುವ ಉತ್ತರಕ್ಕೆ ಬೆಲೆ ತುಸು ಕಡಮೆ.

ಎಂಜಿನ್ನಿನ ಆಡಳಿತವನ್ನು ನಡೆಸುವ ಇಸಿಯು ಎಂಬ ಪುಟ್ಟ ಗಣಕದ ಸ್ಮೃತಿಯಲ್ಲಿ ಪ್ರಧಾನವಾದವು ಎರಡು ಕೋಷ್ಟಕಗಳು: ಎಂಜಿನು ಇಂತಿಷ್ಟು ವೇಗದಲ್ಲಿ ತಿರುಗುತ್ತಿರುವಾಗ, ಇಂತಿಷ್ಟು ಗಾಳಿ ಒಳಹೊಕ್ಕಿರುವಾಗ, ಎಷ್ಟು ಪೆಟ್ರೋಲನ್ನು ಸಿಂಪಡಿಸಬೇಕೆಂಬುದೊಂದು, ಪಿಸ್ಟನ್ನು ಮೇಲ್ತುದಿಯನ್ನು ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮುಂಚಿತವಾಗಿ ಕಿಡಿ ಹಾರಬೇಕೆಂಬುದಿನ್ನೊಂದು. ಮಿಕ್ಕವೆಲ್ಲ ಇವೆರಡರ ಪರಿವಾರ. ಈ ಕೋಷ್ಟಕಗಳನ್ನೇ ನಮ್ಮ ಟ್ಯೂನರುಗಳು ಮ್ಯಾಪ್ ಎನ್ನುತ್ತಾರೆ. ಕಾರ್ಬೊರೇಟರಿನ ಯುಗದಲ್ಲಿ, ಮದರಾಸಿನ ಹತ್ತಿರದ ಷೋಲಾವರಂನ ಹಳೆಯ ವಿಮಾನಪಥದ ಮೇಲೆ ಪಂದ್ಯಗಳು ನಡೆಯುತ್ತಿದ್ದಾಗ, ಬೆಂಗಳೂರಿನಿಂದ ಘಟ್ಟವಿಳಿದು ಹೋದವನು ಅಲ್ಲಿಯ ದಟ್ಟವಾದ ಗಾಳಿಗೆ ತಕ್ಕಂತೆ ದೊಡ್ಡ ಜೆಟ್ಟುಗಳನ್ನು ಕೈಯಾರೆ ಹಾಕಿಕೊಳ್ಳದೆ ವಿಧಿಯಿರಲಿಲ್ಲ. ಆದಕಾರಣ ಎತ್ತರದ ಲೆಕ್ಕ ಅವನಿಗೆ ಮರೆಯುವಂತಿರಲಿಲ್ಲ. ಗಣಕ ಬಂದ ಮೇಲೆ ಆ ಲೆಕ್ಕ ಪೆಟ್ಟಿಗೆಯೊಳಗೆ ಸೇರಿ, ನಮ್ಮ ಕಣ್ಣಿನಿಂದ ಮರೆಯಾಯಿತು.

ದೇವನಹಳ್ಳಿಯ ವಿಮಾನನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರು ಎತ್ತರದಲ್ಲಿದೆ. ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆಗಳೂ ಹೆಚ್ಚುಕಡಮೆ ಇದೇ ಮಟ್ಟದವು. ಕಡಲತೀರದಲ್ಲಿ 101 ಕಿಲೋಪ್ಯಾಸ್ಕಲ್ಲಿನಷ್ಟಿರುವ ವಾಯುಭಾರ ಇಲ್ಲಿ 91ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇದರ ಪರಿಣಾಮವನ್ನು ತುಸು ಸಾವಧಾನದಿಂದ ನೋಡಬೇಕು. ಒಳಸೇರುವ ಗಾಳಿಯನ್ನು ಒತ್ತಡದಿಂದ ಅಳೆಯುವ, ಟರ್ಬೋ ಇಲ್ಲದ ಎಂಜಿನ್ನೊಂದನ್ನು ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಆಕ್ಸಿಲರೇಟರನ್ನು ನೆಲಕ್ಕೆ ಮುಟ್ಟುವಂತೆ ತುಳಿದು ಓಡಿಸಿದರೂ ಅದು ಕೋಷ್ಟಕದಲ್ಲಿ 91ರ ಸಾಲನ್ನು ದಾಟಿ ಮೇಲೇರಲಾರದು; 95ರ, 100ರ ಸಾಲುಗಳ ಮನೆಗಳಿಗೆ ಅದು ಎಂದೂ ಕಾಲಿಡುವುದೇ ಇಲ್ಲ. ಹೀಗಾಗಿ ಇಲ್ಲಿಯೇ ಕುಳಿತು ಟ್ಯೂನ್ ಮಾಡಿದವನು, ಅವನೆಷ್ಟೇ ನಿಪುಣನಾಗಿರಲಿ, ಆ ಮೇಲಿನ ಸಾಲುಗಳನ್ನು ಊಹೆಯಿಂದಲೇ ತುಂಬಿರುತ್ತಾನೆ. ಪರೀಕ್ಷೆಗೆಂದು ನಂದಿಬೆಟ್ಟ ಹತ್ತಿ ಬರುವವರುಂಟು. 1,478 ಮೀಟರಿನ ಆ ನೆತ್ತಿಯಲ್ಲಿ ಗಾಳಿ ಇನ್ನಷ್ಟು ತೆಳುವಾಗುವುದರಿಂದ, ಸೂರ್ಯೋದಯದ ದರ್ಶನಲಾಭವನ್ನುಳಿದು ಈ ವಿಷಯದಲ್ಲಿ ಅಲ್ಲಿ ದೊರೆಯುವುದೇನೂ ಇಲ್ಲ.

ಅದೇ ಕಾರನ್ನು ಶ್ರೀಪೆರುಂಬುದೂರಿನ ಸಮೀಪದ ಇರುಂಗಾಟ್ಟುಕೋಟೆಗೆ ಒಯ್ದು, 1990ರಲ್ಲಿ ಷೋಲಾವರಂಗೆ ಉತ್ತರಾಧಿಕಾರಿಯಾಗಿ ತೆರೆದ 3.7 ಕಿಲೋಮೀಟರಿನ ಟ್ರ್ಯಾಕಿಗೆ ಇಳಿಸಿದಾಗ, ಮೊದಲ ನೇರದಾರಿಯಲ್ಲಿಯೇ ಎಂಜಿನು ಆ ಅಪರಿಚಿತ ಸಾಲುಗಳನ್ನು ಪ್ರವೇಶಿಸುತ್ತದೆ. ಸಿಲಿಂಡರು ಇಲ್ಲಿಗಿಂತ ಹತ್ತರಲ್ಲೊಂದು ಪಾಲಿನಷ್ಟು ಹೆಚ್ಚಿನ ಒತ್ತಡದಲ್ಲಿ ತುಂಬುತ್ತದೆ. ಬಯಲಿನ ಸೆಕೆಗೆ ಒಳಬರುವ ಗಾಳಿಯೇ ಕಾದಿರುತ್ತದೆ. ಪ್ರಸ್ಥಭೂಮಿಯ ತೆಳುಗಾಳಿ ಈವರೆಗೆ ಸದ್ದಿಲ್ಲದೆ ಕ್ಷಮಿಸುತ್ತ ಬಂದಿದ್ದ, ತೀರ ಮುಂಚಿತವಾಗಿ ಹಾರುವ ಕಿಡಿಯನ್ನು ಕಡಲಮಟ್ಟದ ಗಾಳಿ ಕ್ಷಮಿಸುವುದಿಲ್ಲ. ಮಿಶ್ರಣದ ಕೊನೆಯ ಭಾಗ ಜ್ವಾಲೆ ತಲುಪುವ ಮೊದಲೇ ತಾನಾಗಿ ಸ್ಫೋಟಿಸಿ ಎಂಜಿನು ನಾಕ್ ಹೊಡೆಯುತ್ತದೆ. ಕಂಪನಿಯ ಇಸಿಯು ಆದರೆ ನಾಕ್ ಸೆನ್ಸರು ಕಿಡಿಯನ್ನು ಹಿಂದೆಳೆದು ಎಂಜಿನ್ನನ್ನು ಕಾಯಲು ಯತ್ನಿಸುತ್ತದೆ. ಚಾಲಕನಿಗೆ ಗೊತ್ತಾಗುವುದು ಪಿಕಪ್ ಏಕೋ ಕುಗ್ಗಿತೆಂಬುದಷ್ಟೇ.

ಟರ್ಬೋ ಇರುವ ಎಂಜಿನ್ನಿನ ಕಥೆ ಬೇರೆ. ಅದು ನಿರ್ದಿಷ್ಟ ಒತ್ತಡವನ್ನು ತಾನೇ ಸಾಧಿಸಿಕೊಳ್ಳುವುದರಿಂದ ಇಲ್ಲಿಯ ತೆಳುಗಾಳಿಯಲ್ಲಿ ಅದರ ಚಕ್ರ ಹೆಚ್ಚು ವೇಗದಿಂದ ತಿರುಗಿ, ಗಾಳಿಯನ್ನು ಹೆಚ್ಚು ಕಾಯಿಸಿ, ಹೆಚ್ಚು ದುಡಿಯುತ್ತದೆ. ಎಂಜಿನ್ನಿನ ಶಕ್ತಿಯನ್ನು ಅಳೆಯುವ ಡೈನೋ ಯಂತ್ರದ ಕಾಗದದ ಮೇಲೆ ಬರುವ ಅಂಕೆಗಳನ್ನು ಸಂಶಯದಿಂದ ಓದಬೇಕಾದದ್ದೂ ಇಲ್ಲಿಯೇ: ಯಂತ್ರ ನಮ್ಮ ಎತ್ತರವನ್ನು ಗಮನಿಸಿ, ಅಳೆದ ಶಕ್ತಿಯನ್ನು ತಿದ್ದುಗುಣಕವೊಂದರಿಂದ ಗುಣಿಸಿ, ಸಮುದ್ರಮಟ್ಟದಲ್ಲಿ ಇಷ್ಟಾಗುತ್ತಿತ್ತು ಎಂದು ತೋರಿಸುತ್ತದೆ. ಟರ್ಬೋ ಇಲ್ಲದ ಕಾರಿಗೆ ಅದು ಬಹುಮಟ್ಟಿಗೆ ನ್ಯಾಯ. ಎತ್ತರದ ನಷ್ಟವನ್ನು ತಾನೇ ತುಂಬಿಕೊಂಡಿರುವ ಟರ್ಬೋ ಕಾರಿಗೆ ಅದೇ ಗುಣಕವನ್ನು ಹಾಕಿದರೆ, ಇಲ್ಲದ ಕುದುರೆಗಳು ಕಾಗದದ ಮೇಲೆ ಕೆನೆಯುತ್ತವೆ. ಪೋಲೋ ಟಿಎಸ್‌ಐಗಳ ಒಡೆಯರು ಹೆಮ್ಮೆಯಿಂದ ಮಡಿಸಿಟ್ಟುಕೊಂಡ ಎಷ್ಟೋ ಕಾಗದಗಳನ್ನು ನೋಡುವಾಗ ಈ ಮಾತು ನೆನಪಾಗುತ್ತದೆ. ಅವರ ಸಂತೋಷಕ್ಕೆ ಭಂಗ ತರಲು ಮನಸ್ಸು ಬಾರದೆ ಸುಮ್ಮನಾಗುತ್ತೇನೆ.

ಇನ್ನು ಹೊತ್ತಿನ ಪ್ರಶ್ನೆ. ಡೈನೋದ ಮೇಲೆ ಎಂಜಿನು ಪೂರ್ಣಭಾರವನ್ನು ಹೊರುವುದು ಕೆಲವೇ ಸೆಕೆಂಡು. ನೆಲಮಂಗಲದ ಹೆದ್ದಾರಿಯಲ್ಲಿ ಲಾರಿಯನ್ನು ಹಿಂದಿಕ್ಕುವುದೂ ಅಷ್ಟರದೇ ಕೆಲಸ. ಟ್ರ್ಯಾಕಿನಲ್ಲಾದರೋ ಸುತ್ತಿನ ಮೇಲೆ ಸುತ್ತು, ಬ್ರೇಕಿನ, ತಿರುವಿನ ಕ್ಷಣಗಳನ್ನು ಬಿಟ್ಟರೆ ಉಳಿದ ಕಾಲವೆಲ್ಲ ಬಹುಮಟ್ಟಿಗೆ ಪೂರ್ಣಭಾರವೇ. ಪಿಸ್ಟನ್ನಿನ ತಲೆ, ಎಕ್ಸಾಸ್ಟ್ ವಾಲ್ವು, ಆಯಿಲ್ಲು, ಇಂಟರ್‌ಕೂಲರು ಒಂದರ ಹಿಂದೊಂದು ಕಾಯುತ್ತ ಹೋಗಿ, ಮೊದಲ ಸುತ್ತಿನಲ್ಲಿ ನಿರಪಾಯವೆನಿಸಿದ ಮ್ಯಾಪು ನಾಲ್ಕನೆಯ ಸುತ್ತಿನಲ್ಲಿ ಅಪಾಯದ ಗೆರೆಗೆ ಬಂದು ನಿಲ್ಲುತ್ತದೆ. ಆದುದರಿಂದ ಟ್ರ್ಯಾಕಿನ ಮ್ಯಾಪನ್ನು ಬರೆಯುವ ಬಲ್ಲವನು, ಜನ ಭಾವಿಸುವುದಕ್ಕೆ ವಿರುದ್ಧವಾಗಿ, ಶಕ್ತಿಯನ್ನು ಬಿಟ್ಟುಕೊಡುತ್ತಾನೆ: ಗಾಳಿ-ಪೆಟ್ರೋಲುಗಳ ಮಿಶ್ರಣದ ಅಳತೆಯಾದ ಲ್ಯಾಂಬ್ಡಾ, ಸಮತೋಲದ ಒಂದರಿಂದ 0.85ರ ಸುಮಾರಿಗೆ ಇಳಿಯುವಂತೆ ಪೆಟ್ರೋಲನ್ನು ಧಾರಾಳವಾಗಿ ಕೊಟ್ಟು ಅದರ ಆವಿಯಿಂದಲೇ ದಹನಕೋಶವನ್ನು ತಂಪಾಗಿಸುತ್ತಾನೆ. ಒಳಗಾಳಿಯ ಉಷ್ಣ ಏರಿದಂತೆ ಕಿಡಿಯನ್ನು ಒಂದೆರಡು ಡಿಗ್ರಿ ಹಿಂದೆಗೆಯುತ್ತಾನೆ. ಫ್ಯಾನು ಬೇಗ ತಿರುಗತೊಡಗುವಂತೆ ಮಾಡುತ್ತಾನೆ. ಮೈಲೇಜಿನ ಯೋಚನೆಯನ್ನು ಗೇಟಿನ ಹೊರಗೇ ಬಿಡುತ್ತಾನೆ. ಮೊದಲ ಸುತ್ತಿನಲ್ಲಿ ಬಿಟ್ಟುಕೊಟ್ಟ ನಾಲ್ಕು ಕುದುರೆಗಳು ಕೊನೆಯ ಸುತ್ತಿನಲ್ಲಿ, ಉಳಿದವರ ಎಂಜಿನು ಬಳಲಿದಾಗ, ಬಡ್ಡಿಸಮೇತ ಮರಳುತ್ತವೆ.

ರಸ್ತೆಯ ಮ್ಯಾಪಿನ ಸೊಗಸು ಕೋಷ್ಟಕದ ಇನ್ನೊಂದು ಮೂಲೆಯಲ್ಲಿದೆ. ಹೆಬ್ಬಾಳದ ದಟ್ಟಣೆಯಲ್ಲಿ ಎ.ಸಿ. ಹಾಕಿಕೊಂಡು ತೆವಳುವಾಗ, ದೊಡ್ಡಬಳ್ಳಾಪುರದ ಪೇಟೆಬೀದಿಯಲ್ಲಿ ಟ್ರ್ಯಾಕ್ಟರಿನ ಹಿಂದೆ ಎರಡನೆಯ ಗೇರಿನಲ್ಲಿ ನಡೆಯುವಾಗ, ಚಳಿಗಾಲದ ಬೆಳಗಿನಲ್ಲಿ ಮೊದಲ ಬಾರಿಗೆ ಕೀಲಿ ತಿರುಗಿಸುವಾಗ ಎಂಜಿನು ಮುಗ್ಗರಿಸದೆ, ಎಳೆದಾಡದೆ, ಹೊಗೆಯುಗುಳದೆ ನಡೆಯುವಂತೆ ಮಾಡುವುದು ಗರಿಷ್ಠಶಕ್ತಿಯ ಅಂಕೆಯನ್ನೇರಿಸುವುದಕ್ಕಿಂತ ಬಹುಕಷ್ಟದ ಕೆಲಸ. ಮೆಚ್ಚುವವರು ಮಾತ್ರ ವಿರಳ. ಇಲ್ಲಿ ಮಿಶ್ರಣ ಲ್ಯಾಂಬ್ಡಾ ಒಂದರ ಸುತ್ತ ಸೂಕ್ಷ್ಮವಾಗಿ ತೂಗುತ್ತಿರಬೇಕು, ಇಲ್ಲವಾದರೆ ಹೊಗೆಯನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರು ತನ್ನ ಕೆಲಸ ಮಾಡಲಾರದು. ಈ ತೂಗಾಟವನ್ನು ಕಾಯುವ ಲ್ಯಾಂಬ್ಡಾ ಸೆನ್ಸರನ್ನು ಬಾಷ್ ಕಂಪನಿ ಮೊತ್ತಮೊದಲು ಕಾರಿಗೆ ಅಳವಡಿಸಿದ್ದು 1976ರಲ್ಲಿ, ಸ್ವೀಡನ್ನಿನ ವೋಲ್ವೋದಲ್ಲಿ. ಅದೇ ಹೆಸರಿನ ಕಾರುಗಳು 2017ರಿಂದ ನಮ್ಮ ಹೊಸಕೋಟೆಯ ಬಳಿ ಜೋಡಣೆಗೊಳ್ಳುತ್ತಿವೆ.

ಪೆಟ್ರೋಲೂ ಈಗ ಹಳೆಯ ಪೆಟ್ರೋಲಲ್ಲ. ನೆಲಮಂಗಲಕ್ಕೆ ಹೋಗುವ ತುಮಕೂರು ರಸ್ತೆಯ ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ 2023ರ ಫೆಬ್ರವರಿ 6ರಂದು ಪ್ರಧಾನಿ ಬಿಡುಗಡೆ ಮಾಡಿದ ಶೇ. 20 ಎಥನಾಲಿನ ಇಂಧನ ಈಗ ಬಂಕುಬಂಕಿನಲ್ಲಿಯೂ ಬಂದಿದೆ. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ, ಇದಕ್ಕೆ ಸುಮಾರು 13.5 ಸಾಕು, ಅಂದರೆ ಅದೇ ಗಾಳಿಗೆ ಹೆಚ್ಚು ಇಂಧನವನ್ನು ಸಿಂಪಡಿಸಬೇಕು. ಮೈಲೇಜು ಇಳಿಯಿತೆಂದು ರಸ್ತೆಯವನು ಗೊಣಗುತ್ತಾನೆ. ಎಥನಾಲು ನಾಕನ್ನು ತಡೆಯುತ್ತದೆ, ಆವಿಯಾಗುವಾಗ ಗಾಳಿಯನ್ನು ತಣಿಸುತ್ತದೆ ಎಂದು ಟ್ರ್ಯಾಕಿನವನು ಒಳಗೊಳಗೇ ಹಿಗ್ಗುತ್ತಾನೆ. ಹಳೆಯ ಪೆಟ್ರೋಲಿಗೆ ಬರೆದ ಮ್ಯಾಪನ್ನು ಹಾಗೆಯೇ ಇಟ್ಟುಕೊಂಡವನಿಗೆ ಮಾತ್ರ ಪೂರ್ಣಭಾರದಲ್ಲಿ ಮಿಶ್ರಣ ತೆಳುವಾಗುವ ಭಯವಿದೆ.

ಆಕ್ಸಿಲರೇಟರಿನಿಂದ ಕಾಲೆತ್ತಿದೊಡನೆ ಸೈಲೆನ್ಸರಿನಲ್ಲಿ ಪಟಪಟನೆ ಪಟಾಕಿ ಸಿಡಿಯುವಂತೆ ಮಾಡಿಸಿಕೊಂಡು, ದೇವನಹಳ್ಳಿಯ ದಾರಿಯಲ್ಲಿ ನಡುರಾತ್ರಿ ಓಟ ಕಟ್ಟುವವರ ವಿಚಾರವಾಗಿ ಈ ಅಂಕಣದಲ್ಲಿ ಬರೆಯಲು ಉತ್ಸಾಹವಿಲ್ಲ; ಮೋಟಾರು ವಾಹನ ಕಾಯಿದೆಯ 189ನೆಯ ವಿಧಿ ಅವರಿಗಾಗಿಯೇ ಇದೆ. ಆ ಸದ್ದಿಗಾಗಿ ಸುಡುವ ಪೆಟ್ರೋಲಿನ ಕಾವು ಕ್ಯಾಟಲಿಟಿಕ್ ಕನ್ವರ್ಟರನ್ನು ಬೇಗ ತಿಂದುಹಾಕುತ್ತದೆಂಬುದನ್ನು ಮಾತ್ರ ಹೇಳಿಬಿಡಬಹುದು.

ರಸ್ತೆಗೂ ಟ್ರ್ಯಾಕಿಗೂ ಒಂದೇ ಮ್ಯಾಪು ಸಾಕೆನ್ನುವ ಟ್ಯೂನರನನ್ನು ನಾನು ನಂಬುವುದಿಲ್ಲ. ಎರಡು ಬೇಕು, ಎರಡನ್ನೂ ಲ್ಯಾಪ್‌ಟಾಪಿನಲ್ಲಿ ಜೊತೆಗೊಯ್ಯಬೇಕು. ಹೊಸಕೋಟೆಯಲ್ಲಿ ಆರಂಭವಾಗುವ ಚೆನ್ನೈ ಎಕ್ಸ್‌ಪ್ರೆಸ್‌ವೇಯ ಇನ್ನೊಂದು ತುದಿ ಶ್ರೀಪೆರುಂಬುದೂರು. ಕರ್ನಾಟಕದ ಭಾಗ ಈಗಾಗಲೇ ಸಂಚಾರಕ್ಕೆ ದೊರೆತಿರುವುದರಿಂದ, ಪೂರ್ತಿ ಮುಗಿದ ಮೇಲೆ ನಮ್ಮವರು ಇನ್ನೂ ಹೆಚ್ಚಾಗಿ ಅಲ್ಲಿಗೆ ಇಳಿಯುವರೆಂದು ತೋರುತ್ತದೆ. ಇಳಿದವರು ಮೊದಲ ಸುತ್ತುಗಳನ್ನು ಮುಕ್ಕಾಲು ತುಳಿತದಲ್ಲಿ ಓಡಿಸಿ, ನಮ್ಮೂರಿನಲ್ಲಿ ಕಾಣದ ಆ ಮೇಲಿನ ಸಾಲುಗಳ ದಾಖಲೆಯನ್ನು ತೆಗೆದುಕೊಂಡು ಓದಿ, ಆಮೇಲೆ ಪೂರ್ತಿ ತುಳಿಯಲಿ. 100 ಆಕ್ಟೇನಿನ ಪೆಟ್ರೋಲಿಗಾಗಿ ಟ್ರ್ಯಾಕಿನ ಮ್ಯಾಪನ್ನು ಬರೆಯಿಸಿಕೊಂಡವರು ಗೇಟು ದಾಟುವ ಮುನ್ನ ರಸ್ತೆಯ ಮ್ಯಾಪನ್ನು ಮರಳಿ ಹಾಕಿಕೊಳ್ಳಲಿ, ಏಕೆಂದರೆ ಹಿಂದಿರುಗುವ ದಾರಿಯಲ್ಲಿ ಟ್ಯಾಂಕು ಬರಿದಾದಾಗ ಎದುರಿಗೆ ಸಿಕ್ಕುವುದು ಸಾಮಾನ್ಯ ಪೆಟ್ರೋಲಿನ ಬಂಕೇ.