ನೆಲಹಾಸಿನಡಿಯ ಮರ

ಅಮೆರಿಕದಲ್ಲಿ ನೀರ ಮೇಲೆ ಜಾರುವ ಸ್ಕೀಗಾರರನ್ನು ಎಳೆಯುವ ಹಳೆಯ ಫೈಬರ್‌ಗ್ಲಾಸ್ ಸ್ಕೀ ದೋಣಿಗಳನ್ನು ಹುಡುಕಿ ತಂದು, ದುರಸ್ತಿ ಮಾಡಿ ಮತ್ತೆ ಕೆರೆಗಿಳಿಸುವ ಉತ್ಸಾಹಿಗಳಿದ್ದಾರೆ. ಅವರ ಶ್ರಮವನ್ನು ನೋಡುವವರು ಅಳೆಯುವುದು ಮಾತ್ರ ಬಣ್ಣದ ಹೊಳಪಿನಿಂದ. ನನ್ನ ತಕರಾರು ಇರುವುದು ಈ ಅಳತೆಗೋಲಿನ ಬಗ್ಗೆ.

ಈ ದೋಣಿಗಳ ಹಿರಿಮೆ ಅವುಗಳ ತಳದ ಆಕಾರದಲ್ಲಿದೆ. 1922ರಲ್ಲಿ ಮಿನ್ನೆಸೋಟದ ಲೇಕ್ ಪೆಪಿನ್‌ನಲ್ಲಿ ರಾಲ್ಫ್ ಸ್ಯಾಮುಯೆಲ್‌ಸನ್ ಎಂಬ ಹುಡುಗ ಎರಡು ಹಲಗೆ ಕಟ್ಟಿಕೊಂಡು ನೀರ ಮೇಲೆ ಜಾರಿದ ಮೇಲೂ ಬಹುಕಾಲ ಸ್ಕೀಗಾರರನ್ನು ಎಳೆದದ್ದು ಸಿಕ್ಕ ಸಿಕ್ಕ ದೋಣಿಗಳೇ. ಅವರಿಗೆ ಬೇಕಾಗಿದ್ದುದು ಬೇರೆಯದೇ ದೋಣಿ: ಹಿಂದೆ ಏಳುವ ಅಲೆ ತಗ್ಗಿರಬೇಕು, ಹಗ್ಗ ಹಿಡಿದವನು ಪಕ್ಕಕ್ಕೆ ಎಷ್ಟೇ ಜಗ್ಗಿದರೂ ಓಟ ನೇರವಾಗಿರಬೇಕು. ಮಯಾಮಿಯಲ್ಲಿ ಸ್ಕೀ ಶಾಲೆ ನಡೆಸುತ್ತಿದ್ದ ಲಿಯೋ ಬೆಂಟ್ಜ್ ಅಂಥದೊಂದನ್ನು ಫೈಬರ್‌ಗ್ಲಾಸ್‌ನಲ್ಲಿ ರೂಪಿಸಿದರು. 1961ರಲ್ಲಿ ಅದು ಫ್ಲಾರಿಡಾದ ಕರೆಕ್ಟ್ ಕ್ರಾಫ್ಟ್ ಕಂಪನಿಯ ಕೈಸೇರಿತು. ಅದೇ ಸ್ಕೀ ನಾಟೀಕ್. 1968ರಲ್ಲಿ ಟೆನೆಸ್ಸಿಯಲ್ಲಿ ರಾಬ್ ಶರ್ಲಿ ಮಾಸ್ಟರ್‌ಕ್ರಾಫ್ಟ್ ಶುರುಮಾಡಿದರು. ಇಂಥ ದೋಣಿಗಳ ರಚನೆ ಹೀಗೆ: ಎಂಜಿನ್ ನಟ್ಟನಡುವೆ, ಹಗ್ಗದ ಕಂಬ ಅದರ ಮುಂದೆ, ತಳದಲ್ಲಿ ದಿಕ್ಕು ಹಿಡಿದಿಡುವ ರೆಕ್ಕೆಗಳು.

ಆ ಆಕಾರವನ್ನು ಕಾಯುವುದು ಸ್ಟ್ರಿಂಗರ್‌ಗಳು. ದೋಣಿಯ ಉದ್ದಕ್ಕೂ ಹಾಯುವ, ಫೈಬರ್‌ಗ್ಲಾಸ್ ಹೊದಿಸಿದ ಮರದ ತೊಲೆಗಳು ಇವು. ಎಂಜಿನ್ ಕೂರುವುದೂ ಇವುಗಳ ಮೇಲೆಯೇ. ಸ್ಕ್ರೂ ಹಾಕಿದ ತೂತುಗಳಿಂದ ನೀರು ಒಳಗಿಳಿಯುತ್ತದೆ, ಸುತ್ತ ತುಂಬಿದ ಫೋಮ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಮರ ಹೊರಗೆ ಕಾಣದಂತೆ ಗೆದ್ದಲು ತಿಂದ ಬಾಗಿಲಿನ ಹಾಗೆ ಒಳಗೊಳಗೇ ಪುಡಿಯಾಗುತ್ತದೆ. ಹೀಗಿರುವಾಗ ನೆಲವನ್ನು ಮುಟ್ಟದೆ ಹೊಸ ಸೀಟು, ಹೊಸ ಕಾರ್ಪೆಟ್ ಹಾಕಿ ‘ಪುನರುಜ್ಜೀವನ’ ಎಂದು ಕರೆಯುವುದು ಮುಂದಿನ ಮಾಲೀಕನಿಗೆ ಬಗೆಯುವ ದ್ರೋಹ. ಇನ್ನೊಂದು ತಪ್ಪು ಅವಸರದ್ದು. ತಳಕ್ಕೆ ಸರಿಯಾದ ಆಧಾರ ಕೊಡದೆ ಎಲ್ಲ ಸ್ಟ್ರಿಂಗರ್‌ಗಳನ್ನೂ ಒಮ್ಮೆಲೇ ಕಿತ್ತರೆ ತೆಳ್ಳನೆಯ ತಳ ಬಾಗುತ್ತದೆ. ಬಾಗಿದ ತಳಕ್ಕೆ ಹೊಸ ತೊಲೆ ಕೂರಿಸಿದರೆ ಆ ವಕ್ರತೆಯೇ ಶಾಶ್ವತವಾಗುತ್ತದೆ, ಯಾವ ಓಟಕ್ಕಾಗಿ ದೋಣಿ ಹುಟ್ಟಿತೋ ಆ ಓಟವೇ ಹೋಗುತ್ತದೆ.

ಮೂಲದಲ್ಲಿ ಮರವಿತ್ತು, ಆದ್ದರಿಂದ ಮರವನ್ನೇ ಹಾಕಬೇಕು ಎಂಬ ಹಟ ನನಗೆ ಒಪ್ಪಿಗೆಯಿಲ್ಲ. ಅಂಟಿನ ವಿಷಯದಲ್ಲೂ ಅಷ್ಟೇ: ಗಟ್ಟಿಯಾದ ಹಳೆಯ ಪದರಕ್ಕೆ ಪಾಲಿಯೆಸ್ಟರ್ ರೆಸಿನ್‌ಗಿಂತ ಎಪಾಕ್ಸಿ ಚೆನ್ನಾಗಿ ಅಂಟುತ್ತದೆ. ಕಾಣದ ಜಾಗದಲ್ಲಿ ಬಲಕ್ಕೇ ಮೊದಲ ಮಣೆ. ಕಾಣುವ ಮೈಯ ವಿಷಯ ಬೇರೆ. ಜೆಲ್‌ಕೋಟ್ ಎಂಬ ಬಣ್ಣದ ಪದರವನ್ನು ಅಚ್ಚಿನೊಳಗೆ ಎಲ್ಲಕ್ಕಿಂತ ಮೊದಲು ಸಿಂಪಡಿಸಿರುತ್ತಾರೆ, ಫೈಬರ್‌ಗ್ಲಾಸ್ ಅದರ ಬೆನ್ನಿಗೆ ಬರುತ್ತದೆ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಎಪ್ಪತ್ತರ ದಶಕದ ಲೋಹದ ಮಿನುಗು ಬೆರೆಸಿದ ಜೆಲ್‌ಕೋಟ್ ಮಾಸಿದೆಯೆಂದು ಉಜ್ಜಿ ತೆಗೆದು ಕಾರಿನ ಬಣ್ಣ ಬಳಿಯುವವರು ಆ ಕಾಲದ ಗುರುತನ್ನೇ ಅಳಿಸುತ್ತಾರೆ. ತಾಳ್ಮೆಯಿಂದ ನೀರು ಹಾಕುತ್ತಾ ನಯವಾದ ಮರಳುಕಾಗದದಿಂದ ಉಜ್ಜಿದರೆ ಬಹುಪಾಲು ಹೊಳಪು ಮರಳುತ್ತದೆ.

ಗುರುತಿನ ಮಾತಿಗೆ ಬಂದರೆ, 1972ರ ನವೆಂಬರ್ 1ರ ನಂತರ ತಯಾರಾದ ದೋಣಿಗಳ ಹಿಂಬದಿಯ ಬಲಗಡೆ 12 ಅಕ್ಷರ-ಅಂಕೆಗಳ ಸಂಖ್ಯೆ ಇರುತ್ತದೆ. ಮೊದಲ ಮೂರು ತಯಾರಕನದು, ನಡುವಿನ ಐದು ದೋಣಿಯದು, ಕೊನೆಯ ನಾಲ್ಕು ಕಾಲದ್ದು. ಆ ಕೊನೆಯ ನಾಲ್ಕನ್ನು ಬರೆಯುವ ಕ್ರಮ 1984ರಲ್ಲಿ ಬದಲಾಯಿತು. ಹಳೆಯ ಒಂದು ಕ್ರಮದಲ್ಲಿ ‘ಎ’ ಅಂದರೆ ಆಗಸ್ಟ್, ಹೊಸದರಲ್ಲಿ ಜನವರಿ. 1972ಕ್ಕೂ ಹಿಂದಿನ ದೋಣಿಗಳಿಗೆ ಇಂಥ ಏಕರೂಪದ ಸಂಖ್ಯೆಯಿಲ್ಲ. ಅಲ್ಲಿ ಎಂಜಿನ್ನಿನ ಫಲಕ, ಗಾಜಿನ ಚೌಕಟ್ಟು, ಡ್ಯಾಶ್‌ಬೋರ್ಡಿನ ಮೀಟರುಗಳೇ ಸಾಕ್ಷಿ. ಬರೀ ಆಕಾರವನ್ನು ನಂಬುವಂತಿಲ್ಲ. ಬೇರೆಯವರ ದೋಣಿಯಿಂದಲೇ ಅಚ್ಚು ತೆಗೆದು ನಕಲು ಮಾಡುವುದು ಈ ಉದ್ಯಮದಲ್ಲಿ ನಡೆದುಬಂದ ರೂಢಿ. ಅದನ್ನು ನಿಷೇಧಿಸಿದ್ದ ಫ್ಲಾರಿಡಾದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1989ರ ಬೊನಿಟೊ ಬೋಟ್ಸ್ ಮೊಕದ್ದಮೆಯಲ್ಲಿ ತಳ್ಳಿಹಾಕಿತು. ದೋಣಿಯ ವಿನ್ಯಾಸವನ್ನು ಕಾಯಲೆಂದೇ ಪ್ರತ್ಯೇಕ ಕೇಂದ್ರ ಕಾನೂನು ಬಂದದ್ದು 1998ರಲ್ಲಿ. ಹಾಗಾಗಿ ಹಳೆಯ ಮೀಟರು, ಫಲಕಗಳನ್ನು ಕಸಕ್ಕೆಸೆದು ಹೊಸದು ಕೂರಿಸುವವನು ದೋಣಿಯ ಜಾತಕವನ್ನೇ ಸುಟ್ಟಂತೆ.

ಇಂಥ ದೋಣಿ ಕೊಳ್ಳುವವರು ಎಂಜಿನ್ ಕೂತ ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿ ನೋಡಿ. ಬಿಗಿಯಾಗದೆ ಸುಮ್ಮನೆ ತಿರುಗಿದರೆ ಕೆಳಗೆ ಮರ ಉಳಿದಿಲ್ಲವೆಂದೇ ಶಂಕಿಸಿ. ನೆಲ ಬಿಚ್ಚಿದಾಗ ತೆಗೆದ ಫೋಟೋಗಳನ್ನು ಮಾರುವವನಿಂದ ಕೇಳಿ. ಅವು ಇಲ್ಲದಿದ್ದರೆ ಹೊಳಪಿಗೆಂದು ಒಂದು ಡಾಲರನ್ನೂ ಹೆಚ್ಚು ಕೊಡಬೇಡಿ.