ಘಟಿಕೆ: ಗಳಿಗೆಯೋ, ಗಡಿಗೆಯೋ, ಕೂಟವೋ?

ಇಲ್ಲಿ ಬ್ರಿಟನ್ನಿನಲ್ಲಿ ನಮ್ಮ ಮಕ್ಕಳು ಪದವಿ ಪಡೆದಾಗ ಊರಿನ ಬಂಧುಗಳಿಗೆ ‘ಘಟಿಕೋತ್ಸವ ಆಯಿತು’ ಎಂದು ತಿಳಿಸುತ್ತೇವೆ. ಘಟಿಕೆ ಎಂದರೇನೆಂದು ಆ ಮಕ್ಕಳೇ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಎರಡೂ ನನಗೆ ಒಪ್ಪಿಗೆಯಿಲ್ಲ.

ಒಂದು, ಘಟಿಕೆಯೆಂದರೆ ಕಾಲ. ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟರೆ ಅದು ಮುಳುಗುವ ಹೊತ್ತು, ಅಂದರೆ 24 ನಿಮಿಷ, ಒಂದು ಘಟಿಕೆ. ನಮ್ಮ ‘ಗಳಿಗೆ’ ಇದರ ತದ್ಭವ. (ನಾನು ಜೀವನವಿಡೀ ಬರೆದುಕೊಟ್ಟ ‘ಗುಳಿಗೆ’ಯದು ಮಾತ್ರ ಬೇರೆ ಮನೆತನ, ಅದು ‘ಗುಟಿಕಾ’ದಿಂದ ಬಂದದ್ದು.) ಪಾಠ ಗಳಿಗೆಯ ಲೆಕ್ಕದಲ್ಲಿ ನಡೆಯುತ್ತಿತ್ತು, ಅದಕ್ಕೇ ಆ ಹೆಸರು ಎನ್ನುತ್ತಾರೆ. ಇನ್ನೊಂದು, ಘಟವೆಂದರೆ ಗಡಿಗೆ. ಪ್ರಶ್ನೆ ಬರೆದ ಓಲೆಗಳನ್ನು ಗಡಿಗೆಯಲ್ಲಿ ಹಾಕಿ, ಕೈಗೆ ಬಂದದ್ದನ್ನು ಎತ್ತಿ ಪರೀಕ್ಷಿಸುತ್ತಿದ್ದರಂತೆ. ಕತೆ ಸೊಗಸಾಗಿದೆ. ಆದರೆ ಕತೆಗೆ ಮೊದಲು ಶಾಸನಗಳನ್ನು ನೋಡಬೇಕು.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಐದನೆಯ ಶತಮಾನದ್ದು. ಮಯೂರಶರ್ಮ ಗುರು ವೀರಶರ್ಮನೊಡನೆ ಪಲ್ಲವರ ರಾಜಧಾನಿಗೆ ಹೋಗಿ ಘಟಿಕೆಯನ್ನು ಹೊಕ್ಕ ಸಂಗತಿ ಅದರಲ್ಲಿದೆ. ಇಷ್ಟರಿಂದ ಅದು ಸ್ಥಳವೋ ಸಭೆಯೋ ಹೇಳಲಾಗದು; ಎರಡನ್ನೂ ಹೊಗಬಹುದು. ಕಂಚಿಯ ವೈಕುಂಠ ಪೆರುಮಾಳ್ ಗುಡಿಯ ಶಾಸನ ಹೆಚ್ಚು ನೆರವಾಗುತ್ತದೆ. ನಂದಿವರ್ಮ ಪಲ್ಲವಮಲ್ಲ ದೊರೆಯಾದ ಪ್ರಸಂಗದಲ್ಲಿ ಅದು ‘ಘಟಿಕೆಯವರ’ನ್ನು ಹೆಸರಿಸುತ್ತದೆ. ರಾಜ್ಯದ ಆಗುಹೋಗಿನಲ್ಲಿ ಪಾಲುಗೊಳ್ಳುವುದು ಗಡಿಗೆಯಲ್ಲ, ಜನರ ಗುಂಪು. ಸಂಸ್ಕೃತದಲ್ಲಿ ‘ಘಟಾ’ ಎಂದರೆ ಸಮೂಹ, ಕೂಟ ಎಂಬ ಅರ್ಥವಿದೆ. ಸಂಘಟನೆ, ಘಟಕ ಎಂಬ ನಮ್ಮ ದಿನಬಳಕೆಯ ಮಾತುಗಳೂ ಆ ಬಳಗದವೇ. ಮುಂದೆ ಕನ್ನಡ ನಾಡಿನಲ್ಲಿ ‘ಘಟಿಕಾಸ್ಥಾನ’ ಎಂಬ ರೂಪ ಕಾಣುತ್ತದೆ. ಘಟಿಕೆಯೇ ಕಟ್ಟಡವಾಗಿದ್ದರೆ ಮತ್ತೆ ‘ಸ್ಥಾನ’ ಏಕೆ? ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನವೂ ಅಲ್ಲಿದ್ದವರನ್ನು ಎಣಿಸುತ್ತದೆ: ಇನ್ನೂರಕ್ಕೂ ಮಿಕ್ಕ ವಿದ್ಯಾರ್ಥಿಗಳು, ವೇದಕ್ಕೂ ಶಾಸ್ತ್ರಕ್ಕೂ ಉಪಾಧ್ಯಾಯರು, ಪುಸ್ತಕ ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗರು. ಗ್ರಂಥಾಲಯಕ್ಕೆ ಆರು ಜನ!

ವೈದ್ಯನಾದ ನನಗೆ ಈ ಅರ್ಥ ಅಪರಿಚಿತವೇನಲ್ಲ. 1518ರಲ್ಲಿ ಹುಟ್ಟಿದ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಪದವಿ ತರಗತಿ ನಡೆಸುವ ಕಾಲೇಜಲ್ಲ, ವೈದ್ಯರ ಸಂಘ. ಅದರ ಪರೀಕ್ಷೆ ಪಾಸಾದರೆ ಸಿಗುವುದು ಸದಸ್ಯತ್ವ. ಯೂನಿವರ್ಸಿಟಿಯ ಮೂಲವಾದ ಲ್ಯಾಟಿನ್ ಪದಕ್ಕೂ ಒಟ್ಟುಗೂಡಿದ ಜನರ ಸಂಘವೆಂದೇ ಅರ್ಥ. ಕಾನ್ವೊಕೇಷನ್ ಎಂದರೆ ಒಟ್ಟಾಗಿ ಕರೆಯುವುದು; ‘ಘಟಿಕೋತ್ಸವ’ ಅದಕ್ಕೆ ಚೆನ್ನಾಗಿ ಹೊಂದುತ್ತದೆ.

ಹಾಗೆಂದು ನಾಗಾವಿಯನ್ನು ‘ಸಾವಿರ ವರ್ಷ ಹಿಂದಿನ ಯೂನಿವರ್ಸಿಟಿ’ ಎಂದು ವೇದಿಕೆಯಲ್ಲಿ ಸಾರುವವರ ಜೊತೆ ನಾನಿಲ್ಲ. ಹೋಲುವುದು ಪದದ ಮೂಲ, ಬಾಗಿಲಲ್ಲ. ಆ ಕೂಟ ವೇದ ಓದುವ ಬ್ರಾಹ್ಮಣ ಹುಡುಗರದು. ಇಂದು ಗೌನು ತೊಟ್ಟು ಫೋಟೊ ತೆಗೆಸಿಕೊಳ್ಳುವ ನಮ್ಮ ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವಿರಲಿಲ್ಲ. ನಮ್ಮ ಸಂಘದ ಬಹುಪಾಲು ಮನೆಗಳ ಗಂಡುಮಕ್ಕಳಿಗೂ ಇರಲಿಲ್ಲ. ಮಕ್ಕಳಿಗೆ ಪದದ ಅರ್ಥ ಹೇಳುವಾಗ ಇದನ್ನೂ ಸೇರಿಸಿ ಹೇಳಬೇಕು.